ಯಂತ್ರದ ವಿವರಪಟ್ಟಿಯನ್ನು ತಿದ್ದುವ ಹಕ್ಕು

ಭೀಮಾ ನದಿಗೆ ಅಮರಜೆಯು ಬಂದು ಕೂಡುವ ಗಾಣಗಾಪುರದ ಸಂಗಮವನ್ನು ಅರಿಯದವರು ಕಲಬುರಗಿ ಸೀಮೆಯಲ್ಲಿ ವಿರಳ. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಆ ಜಿಲ್ಲೆಯ ಅನೇಕ ಗ್ರಾಮಗಳಿಗೆ ನುಗ್ಗಿದುದು ಜನರ ನೆನಪಿನಿಂದ ಇನ್ನೂ ಮಾಸಿಲ್ಲ. ಇಂಥ ಸ್ಥಳದಲ್ಲಿ ನೀರಿನ ಮಟ್ಟವನ್ನು ಅಳೆದು ಬರೆದಿಡುವ ಪುಟ್ಟ ಕಂಪ್ಯೂಟರೊಂದನ್ನು ಕೆಲವರು ವಿದ್ಯಾರ್ಥಿಗಳು ಕಟ್ಟಲು ಹೊರಟರೆಂದು ಊಹಿಸೋಣ. ಅಂಗೈಯಗಲದ ಫಲಕ, ಮಟ್ಟವನ್ನು ಅರಿಯುವ ಸಂವೇದಕ, ಲಿನಕ್ಸ್ ಕರ್ನೆಲ್, ಇವೆಲ್ಲ ಸುಲಭವಾಗಿ ದೊರೆಯುತ್ತವೆ. ಆದರೆ ಅಗ್ಗದ ಫಲಕಗಳಲ್ಲಿ ಅನೇಕವಕ್ಕೆ ಸ್ವಂತ ಗಡಿಯಾರವಿರುವುದಿಲ್ಲ. ಜಾಲದಿಂದ ಕಾಲವನ್ನು ಕೇಳಿ ತಿಳಿದುಕೊಳ್ಳುವುದೇ ಅವುಗಳ ರೂಢಿ. ಪ್ರವಾಹದ ರಾತ್ರಿ ವಿದ್ಯುತ್ತು ಹೋಗಿ, ಜಾಲವೂ ಕಡಿದು, ಬಳಿಕ ವಿದ್ಯುತ್ತು ಮಾತ್ರ ಮರಳಿದರೆ, ಆ ಕಂಪ್ಯೂಟರಿಗೆ ಆಗ ಗಂಟೆ ಎಷ್ಟೆಂಬುದೇ ತಿಳಿಯದು. ಯಾವಾಗ ಅಳೆದುದೆಂದು ಗೊತ್ತಿಲ್ಲದ ಅಳತೆಯು ಪ್ರವಾಹದ ದಾಖಲೆಯಾಗಲಾರದು.

ಇದಕ್ಕೆ ಪರಿಹಾರವುಂಟು. ಗುಂಡಿಯಷ್ಟು ಚಿಕ್ಕ ಬ್ಯಾಟರಿಯ ಬಲದಿಂದ ನಡೆಯುವ ಡಿಎಸ್ ೩೨೩೧ ಎಂಬ ಗಡಿಯಾರದ ಚಿಪ್ಪನ್ನು ಫಲಕದ ಐ-ಟು-ಸಿ ತಂತಿಗಳೆರಡಕ್ಕೆ ಜೋಡಿಸಿದರಾಯಿತು. ಆದರೂ ಕರ್ನೆಲ್ ಅದನ್ನು ಕಾಣುವುದಿಲ್ಲ! ಕಾರಣವೇನು? ಯುಎಸ್‌ಬಿ ಮೂಲಕ ಜೋಡಿಸಿದ ಉಪಕರಣವು ತಾನು ಯಾರೆಂಬುದನ್ನು ತಾನೇ ಹೇಳಿಕೊಳ್ಳುತ್ತದೆ. ಐ-ಟು-ಸಿ ತಂತಿಯ ಮೇಲಿನ ಚಿಪ್ಪಿಗೆ ಆ ಶಕ್ತಿಯಿಲ್ಲ. ಅದಕ್ಕಿರುವುದು ಒಂದು ವಿಳಾಸ ಮಾತ್ರ: ಹದಿನಾರರ ಎಣಿಕೆಯಲ್ಲಿ ೬೮, ಎಂದರೆ ನಮ್ಮ ಹತ್ತರ ಎಣಿಕೆಯಲ್ಲಿ ೧೦೪. ಆ ವಿಳಾಸದಲ್ಲಿ ಇಂಥ ಗಡಿಯಾರವಿದೆಯೆಂದು ಕರ್ನೆಲ್ಲಿಗೆ ಬೇರೆ ಯಾರಾದರೂ ತಿಳಿಸಬೇಕು.

ಹಾಗೆ ತಿಳಿಸುವ ವಿವರಪಟ್ಟಿಗೆ ಡಿವೈಸ್ ಟ್ರೀ, ಎಂದರೆ ಉಪಕರಣಗಳ ವೃಕ್ಷ, ಎಂದು ಹೆಸರು. ಸಂಸ್ಕಾರಕ ಯಾವುದು, ಸ್ಮೃತಿ ಎಷ್ಟು, ಯಾವ ತಂತಿಯ ಮೇಲೆ ಯಾವ ಚಿಪ್ಪು, ಅದಕ್ಕೆ ಎಷ್ಟು ವೋಲ್ಟು, ಇವೆಲ್ಲ ಬೇರಿನಿಂದ ಕೊಂಬೆಗಳಾಗಿ ಅದರಲ್ಲಿ ಹರಡಿಕೊಂಡಿರುತ್ತವೆ. ಯಂತ್ರವು ಎಚ್ಚರಗೊಂಡಾಗ ಮೊದಲು ಓಡುವ ಬೂಟ್‌ಲೋಡರು ಈ ಪಟ್ಟಿಯನ್ನೂ ಕರ್ನೆಲ್ಲನ್ನೂ ಸ್ಮೃತಿಗೆ ತಂದು, ಪಟ್ಟಿಯಿರುವ ಜಾಗವನ್ನು ಕರ್ನೆಲ್ಲಿಗೆ ತೋರಿಸಿ, ತಾನು ನಿವೃತ್ತವಾಗುತ್ತದೆ. ಆ ನಡುವಿನ ಕ್ಷಣವೇ ಪಟ್ಟಿಯನ್ನು ತಿದ್ದಲು ತಕ್ಕ ಕಾಲವೆಂಬುದು ಈ ಲೇಖನದ ವಾದ.

ಹಿಂದಿನ ಪದ್ಧತಿ ಬೇರೆಯಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರರೂ ಸೇರಿ ರೂಪಿಸಿದ ಸಿಂಪ್ಯೂಟರಿನ ಮಾದರಿಯು ೨೦೦೧ರಲ್ಲಿ ಹೊರಬಂದಿತು. ಹಳ್ಳಿಯವರ ಕೈಗೆಟಕುವ ಕಂಪ್ಯೂಟರಾಗಬೇಕೆಂಬ ಹಂಬಲದಿಂದ ಹುಟ್ಟಿದ ಆ ಯಂತ್ರವು ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ಮೇಲೆ ಲಿನಕ್ಸನ್ನು ಓಡಿಸುತ್ತಿತ್ತು. ಆ ದಿನಗಳಲ್ಲಿ ಆರ್ಮ್ ಜಾತಿಯ ಪ್ರತಿಯೊಂದು ಫಲಕದ ವಿವರವನ್ನೂ ಕರ್ನೆಲ್ಲಿನ ಒಡಲೊಳಗೇ ಬರೆಯಬೇಕಾಗಿತ್ತು. ಬೂಟ್‌ಲೋಡರು ಫಲಕದ ನೋಂದಣಿ ಸಂಖ್ಯೆಯೊಂದನ್ನು ಒಪ್ಪಿಸುತ್ತಿತ್ತು. ಉಳಿದುದನ್ನು ಕರ್ನೆಲ್ ತನ್ನೊಳಗಿನ ಕಡತದಿಂದ ಓದಿಕೊಳ್ಳುತ್ತಿತ್ತು. ಫಲಕಗಳು ನೂರಾರಾದಂತೆ ಇಂಥ ಕಡತಗಳೂ ಬೆಳೆದವು. ೨೦೧೧ರಲ್ಲಿ ಲಿನಸ್ ಟೊರ್ವಾಲ್ಡ್ಸರು ಈ ಗೊಂದಲವನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ೧೯೯೪ರ ಓಪನ್ ಫರ್ಮ್‌ವೇರ್ ಮಾನಕದಿಂದ ಬಂದು, ಪವರ್‌ಪಿಸಿ ಯಂತ್ರಗಳಲ್ಲಿ ಆಗಲೇ ನೆಲೆಯೂರಿದ್ದ ವೃಕ್ಷಪದ್ಧತಿಯು ಆರ್ಮ್ ಲೋಕವನ್ನೂ ವ್ಯಾಪಿಸಿತು. ಯಂತ್ರದ ವರ್ಣನೆ ಬೇರೆ, ಯಂತ್ರವನ್ನಾಳುವ ಕ್ರಮವಿಧಿ ಬೇರೆ ಎಂಬ ವಿವೇಕವು ಹೀಗೆ ನೆಲೆಗೊಂಡಿತು.

ಈಗ ನಮ್ಮ ಗಡಿಯಾರದ ಮಾತಿಗೆ ಬರೋಣ. ಅದನ್ನು ತಿಳಿಸಲು ಮೂರು ದಾರಿಗಳಿವೆ. ಫಲಕದ ಮೂಲ ಪಟ್ಟಿಯನ್ನೇ ತಿದ್ದಿ ಮತ್ತೆ ಕಟ್ಟುವುದು ಮೊದಲನೆಯದು. ಇದರಿಂದ ತಯಾರಕರು ಹೊಸ ಪಟ್ಟಿಯನ್ನು ಕೊಟ್ಟಾಗಲೆಲ್ಲ ನಮ್ಮ ತಿದ್ದುಪಡಿಯು ಅಳಿಸಿಹೋಗುವ ಭಯವುಂಟು. ಓಡುತ್ತಿರುವ ಕರ್ನೆಲ್ಲಿಗೆ ಆಮೇಲೆ ಹೇಳುವುದು ಎರಡನೆಯದು. ಅಷ್ಟು ಹೊತ್ತಿಗೆ ಕರ್ನೆಲ್ ತಪ್ಪು ತಾರೀಖಿನಲ್ಲಿ ತನ್ನ ದಿನಚರಿಯನ್ನು ಬರೆಯತೊಡಗಿರುತ್ತದೆ. ಬೂಟ್‌ಲೋಡರಿನಲ್ಲಿ ತಿದ್ದುವುದು ಮೂರನೆಯದು. ಯು-ಬೂಟ್ ಎಂಬ ಪ್ರಸಿದ್ಧ ಬೂಟ್‌ಲೋಡರು ಮೂಲ ಪಟ್ಟಿಯನ್ನು ಸ್ಮೃತಿಗೆ ತಂದು, ಅದಕ್ಕೆ ತುಸು ಜಾಗ ಕೂಡಿಸಿ, ಹೊದಿಕೆಯೆಂಬ ಚಿಕ್ಕ ತುಣುಕುಪಟ್ಟಿಯೊಂದನ್ನು ಅದರ ಮೇಲೆ ಹೊಂದಿಸಬಲ್ಲದು. ಮೂಲವು ಮೂಲವಾಗಿಯೇ ಉಳಿಯುತ್ತದೆ. ಕರ್ನೆಲ್ಲಿಗೆ ದೊರೆಯುವುದು ತಿದ್ದಿದ ಪ್ರತಿ. ಗಡಿಯಾರದ ಚಾಲಕವು ಕರ್ನೆಲ್ಲಿನೊಳಗೇ ಸೇರಿದ್ದರೆ, ಆರಂಭದ ಹಂತದಲ್ಲಿಯೇ ಕಾಲವು ಸರಿಹೋಗುತ್ತದೆ. ಚಾಲಕವೇ ಇಲ್ಲದಿದ್ದರೆ ಯಾವ ವರ್ಣನೆಯೂ ನೆರವಾಗದೆಂಬುದನ್ನು ಮರೆಯಬಾರದು.

ಬೂಟ್‌ಲೋಡರಿಗೆ ಈ ಕೆಲಸ ಹೊಸದೇನೂ ಅಲ್ಲ. ಸ್ಮೃತಿಯ ಗಾತ್ರವನ್ನೂ ಜಾಲದ ವಿಳಾಸವನ್ನೂ ಅನೇಕ ಫಲಕಗಳಲ್ಲಿ ಅದೇ ಪಟ್ಟಿಗೆ ತುಂಬುತ್ತದೆ. ಬೀಗಲ್‌ಬೋನ್ ಫಲಕಗಳ ಅನುಭವವೂ ಇದನ್ನೇ ಸಾರುತ್ತದೆ. ಮೇಲೆ ಕೂರಿಸುವ ಸಹಫಲಕಗಳ ಗುರುತನ್ನು ಓದಿ ಪಟ್ಟಿಯನ್ನು ತಿದ್ದುವ ಹೊಣೆಯು ಅಲ್ಲಿ ಮೊದಲು ಓಡುವ ಕರ್ನೆಲ್ಲಿನದಾಗಿತ್ತು; ಮುಂದೆ ಅದನ್ನು ಯು-ಬೂಟ್‌ಗೆ ವಹಿಸಿದರು. ಓಡುವ ಬಂಡಿಯ ಗಾಲಿಯನ್ನು ಬದಲಿಸುವುದಕ್ಕಿಂತ ಹೊರಡುವ ಮುನ್ನ ಬದಲಿಸುವುದು ಲೇಸಲ್ಲವೆ?

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಕರ್ನೆಲ್ ಪಟ್ಟಿಯನ್ನು ಬಹುಮಟ್ಟಿಗೆ ನಂಬಿಯೇ ನಡೆಯುತ್ತದೆ. ೧.೮ ವೋಲ್ಟಿನ ಭಾಗಕ್ಕೆ ೩.೩ ವೋಲ್ಟು ಬೇಕೆಂದು ಬರೆದರೆ ಚಿಪ್ಪು ಸುಟ್ಟುಹೋಗಬಹುದು. ಪಟ್ಟಿಯನ್ನು ತಿದ್ದಬಲ್ಲವನು ಯಂತ್ರದ ನಡತೆಯನ್ನೇ ತಿರುಗಿಸಬಲ್ಲನಾದುದರಿಂದ, ಅಪರಿಚಿತರ ಕೈಗೆ ಸಿಗುವ ಯಂತ್ರಗಳಲ್ಲಿ ಭದ್ರತೆಯ ಪ್ರಶ್ನೆಯೂ ಏಳುತ್ತದೆ. ಈ ಕಾರಣಗಳನ್ನು ಮುಂದಿಟ್ಟು ಕೆಲವು ತಯಾರಕರು ಪಟ್ಟಿಯ ಮೂಲರೂಪವನ್ನೇ ಕೊಡುವುದಿಲ್ಲ. ಬೂಟ್‌ಲೋಡರಿಗೂ ಬೀಗ ಹಾಕುತ್ತಾರೆ. ಇದು ಸರಿಯಾದ ಉತ್ತರವಲ್ಲ. ಬೀಗವು ಇರಲಿ, ಬೀಗದ ಕೈಯು ಯಂತ್ರದ ಒಡೆಯನಲ್ಲಿರಲಿ. ಹೊದಿಕೆಗೂ ಸಹಿ ಹಾಕಿ, ಸಹಿಯನ್ನು ಪರೀಕ್ಷಿಸಿದ ಮೇಲೆಯೇ ಕರ್ನೆಲ್ಲನ್ನು ಹೊರಡಿಸುವ ಏರ್ಪಾಡು ಸಾಧ್ಯವಿದೆ. ಪಟ್ಟಿಯನ್ನು ಮುಚ್ಚಿಟ್ಟರೆ, ತಯಾರಕರು ಕೈಬಿಟ್ಟ ದಿನವೇ ಗಟ್ಟಿಮುಟ್ಟಾದ ಫಲಕವೂ ಕಸವಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಯ ಬಡ ಆಯವ್ಯಯವು ಅದನ್ನು ತಡೆದುಕೊಳ್ಳಲಾರದು.

ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆ. ಬೂಟ್‌ಲೋಡರಿನ ಮುಂದೆ ಕುಳಿತು ಆಜ್ಞೆಗಳನ್ನು ಹೊಡೆದು ಕೆಲಸ ಸಾಧಿಸಿದವನು, ಅದನ್ನು ಬರೆದಿಡದೆ ಹೋದರೆ, ಮುಂದೆ ಬರುವವನಿಗೆ ಒಗಟನ್ನೇ ಬಿಟ್ಟುಹೋದಂತೆ. ಪರೀಕ್ಷೆಗೆ ಆಜ್ಞೆಗಳು ಸಾಕು. ನಿತ್ಯದ ಬಳಕೆಗೆ ಹೊದಿಕೆಯ ಕಡತವೇ ಬೇಕು, ಏಕೆ ತಿದ್ದಿದೆವೆಂಬ ಟಿಪ್ಪಣಿಯೂ ಅದರಲ್ಲಿರಬೇಕು. ತಪ್ಪು ನಮ್ಮ ಒಂದು ಫಲಕದ್ದಲ್ಲ, ಆ ಮಾದರಿಯ ಎಲ್ಲ ಫಲಕಗಳದ್ದು ಎಂದಾದರೆ, ತಿದ್ದುಪಡಿಯನ್ನು ಲಿನಕ್ಸಿನ ಮೂಲ ಭಂಡಾರಕ್ಕೆ ಕಳುಹಿಸುವುದು ಕರ್ತವ್ಯ. ಸ್ಥಳೀಯವಾದುದು ಹೊದಿಕೆಯಲ್ಲಿರಲಿ, ಸಾರ್ವತ್ರಿಕವಾದುದು ಮೂಲವನ್ನು ಸೇರಲಿ.

ನಮ್ಮ ಶಾಲಾಕಾಲೇಜುಗಳು ಫಲಕಗಳನ್ನು ಕೊಳ್ಳುವಾಗ ಬೆಲೆಯನ್ನೂ ವೇಗವನ್ನೂ ವಿಚಾರಿಸುತ್ತವೆ. ಇನ್ನು ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಇದರ ವಿವರಪಟ್ಟಿಯ ಮೂಲರೂಪವನ್ನು ಕೊಡುವಿರಾ? ವಿದ್ಯಾರ್ಥಿಗಳಾದರೂ ಆ ಪಟ್ಟಿಯನ್ನು ಒಮ್ಮೆ ತೆರೆದು, ಕೈಯಲ್ಲಿರುವ ಫಲಕದೊಡನೆ ಸಾಲುಸಾಲಾಗಿ ಹೋಲಿಸಿ ನೋಡಲಿ. ಯಂತ್ರವನ್ನು ಬಳಸುವವರು ಬಹಳ ಮಂದಿ. ಅದರ ವರ್ಣನೆಯನ್ನು ಓದಬಲ್ಲವರು ಕೆಲವರೇ. ಆ ಕೆಲವರ ಸಂಖ್ಯೆಯು ನಮ್ಮ ತಾಲ್ಲೂಕುಗಳಲ್ಲಿಯೂ ಹೆಚ್ಚಬೇಕಾಗಿದೆ.