ನಮ್ಮ ಮಕ್ಕಳ ಆಟಕ್ಕೆ ಪ್ರೇಕ್ಷಕರು ಯಾರು?

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ, ಹದಿನೆಂಟನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನಡೆದುದು ಓದುಗರಿಗೆ ತಿಳಿದೇ ಇದೆ. ಸುಮಾರು 35 ಸಾವಿರ ಮಂದಿಗೆ ಸ್ಥಳವಿರುವಲ್ಲಿ ಲಕ್ಷಗಟ್ಟಲೆ ಜನ ನೆರೆದರು. ಕಾಲ್ತುಳಿತದಲ್ಲಿ 11 ಮಂದಿ ಅಸುನೀಗಿದರು. ಮಡಿದವರಲ್ಲಿ ಹೆಚ್ಚಿನವರು ಎಳೆಯ ಪ್ರಾಯದವರು. ಅದರ ಹೊಣೆ ಯಾರದೆಂಬ ವಿಚಾರಣೆ ನಮ್ಮ ಈ ಅಂಕಣದ ಕೆಲಸವಲ್ಲ. ಆದರೆ ಆ ದಿನದಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ಅದೇ ಕ್ರೀಡಾಂಗಣದಲ್ಲಿ ನಮ್ಮದೇ ರಾಜ್ಯದ ತಂಡವು ರಣಜಿ ಪಂದ್ಯವನ್ನಾಡುವಾಗ ಕಲ್ಲಿನ ಮೆಟ್ಟಿಲುಗಳ ಮೇಲೆ ಬೆರಳೆಣಿಕೆಯ ಮಂದಿ ಇರುತ್ತಾರಲ್ಲ, ಅದೇಕೆ? ಅಷ್ಟು ದೂರವೇಕೆ, ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಯ ಕಾಲೇಜು ಮೈದಾನಗಳಲ್ಲಿ ನಮ್ಮ ಮಕ್ಕಳು ಆಡುವಾಗ ಸುತ್ತ ನಿಲ್ಲುವವರು ಎಷ್ಟು ಮಂದಿ?

ಇದಕ್ಕೆ ಸಿದ್ಧವಾದ ಉತ್ತರವೊಂದಿದೆ. ದೊಡ್ಡ ತಂಡವು ಹತ್ತಿರ ಬಂತು, ಚಿಕ್ಕ ತಂಡದ ಪ್ರೇಕ್ಷಕರನ್ನೆಲ್ಲ ಎಳೆದುಕೊಂಡಿತು. ಮಿಕ್ಕವರನ್ನು ಟೀವಿ ಮತ್ತು ಮೊಬೈಲು ನುಂಗಿದವು ಎಂಬುದೇ ಆ ಉತ್ತರ. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇದನ್ನೇ ಪೂರ್ಣ ಸತ್ಯವೆಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ.

ಐಪಿಎಲ್ ಆರಂಭವಾದುದು 2008ರ ಏಪ್ರಿಲಿನಲ್ಲಿ. ಎರಡು ವರ್ಷ ತುಂಬುವ ಮೊದಲೇ, 2010ರ ಜನವರಿಯಲ್ಲಿ, ಕರ್ನಾಟಕ ಮತ್ತು ಮುಂಬಯಿ ತಂಡಗಳ ನಡುವಿನ ರಣಜಿ ಅಂತಿಮ ಪಂದ್ಯವು ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಜರುಗಿತು. ವಿಶ್ವವಿದ್ಯಾಲಯದ ಆವರಣಕ್ಕೆ ಹೊಂದಿಕೊಂಡ ಪುಟ್ಟ ಮೈದಾನವದು. ವಿದ್ಯಾರ್ಥಿಗಳು ತರಗತಿಯಿಂದ ನಡೆದೇ ಬರಬಹುದಾಗಿತ್ತು, ಬಂದರು. ಮೈದಾನ ಕಿಕ್ಕಿರಿದು ತುಂಬಿತು. ಗೆಲ್ಲಲು 338 ರನ್ ಬೇಕಿದ್ದ ಕರ್ನಾಟಕವು ಮನೀಶ್ ಪಾಂಡೆಯ 144 ರನ್ನುಗಳ ಬಲದಿಂದ 331ರವರೆಗೆ ಬಂದು, ಕೇವಲ 6 ರನ್ನುಗಳಿಂದ ಸೋತಿತು. ಮನೀಶ್ ಪಾಂಡೆ ಬೇರೆ ಯಾರೂ ಅಲ್ಲ, ಅದಕ್ಕೆ ಎಂಟು ತಿಂಗಳ ಹಿಂದೆ, 2009ರ ಮೇ ತಿಂಗಳಲ್ಲಿ, ಇದೇ ಬೆಂಗಳೂರು ತಂಡದ ಪರವಾಗಿ ಐಪಿಎಲ್‌ನಲ್ಲಿ ನೂರು ಬಾರಿಸಿದ ಮೊದಲ ಭಾರತೀಯ. ಅಂದರೆ ದೊಡ್ಡ ತಂಡವಿತ್ತು, ಟೀವಿಯಿತ್ತು, ಆದರೂ ಜನ ಬಂದರು. ಮೈದಾನ ಕಾಲ್ನಡಿಗೆಯ ಅಂತರದಲ್ಲಿತ್ತು, ಬರಲು ಬಿಡುವಿತ್ತು, ಆಡುವವರು ನಮ್ಮವರೆಂಬ ಭಾವನೆಯಿತ್ತು. (ಮೈಸೂರಿನ ಆ ಮೈದಾನದಲ್ಲಿಯೇ 2025ರ ಆಗಸ್ಟಿನಲ್ಲಿ ಮಹಾರಾಜ ಟ್ರೋಫಿಯ ಪಂದ್ಯಗಳು ಪ್ರೇಕ್ಷಕರಿಲ್ಲದೆ, ಬಾಗಿಲು ಮುಚ್ಚಿಕೊಂಡು ನಡೆದವು. ಜೂನ್ ತಿಂಗಳ ದುರಂತದ ನೆರಳು ಅಷ್ಟು ದೂರ ಚಾಚಿತ್ತು.)

ಸಾಗರದಾಚೆಯ ನಿದರ್ಶನವೊಂದು ಇಲ್ಲಿ ಉಪಯುಕ್ತ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಯೇಸುಸಭೆಯ ಗುರುಗಳು 1881ರಲ್ಲಿ ಸ್ಥಾಪಿಸಿದ ಮಾರ್ಕೆಟ್ ವಿಶ್ವವಿದ್ಯಾಲಯವಿದೆ. ಅದರ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯಗಳು ನಡೆಯುವುದು ಮಿಲ್ವಾಕಿ ಬಕ್ಸ್ ಎಂಬ ವೃತ್ತಿಪರ ತಂಡವು ಆಡುವ ಒಳಾಂಗಣದಲ್ಲಿಯೇ. ಒಂದು ದಿನ ಕೋಟ್ಯಧೀಶ ಆಟಗಾರರು ಓಡಾಡಿದ ಹಲಗೆಯ ನೆಲದ ಮೇಲೆ ಇನ್ನೊಂದು ದಿನ ಕಾಲೇಜಿನ ಹುಡುಗರು ಓಡುತ್ತಾರೆ. ಅವರನ್ನು ನೋಡಲೂ ಸಾವಿರಾರು ಜನ ಸೇರುತ್ತಾರೆ. ಅವರಲ್ಲಿ ವಿದ್ಯಾರ್ಥಿಗಳಷ್ಟೇ ಅಲ್ಲ, ಹಳೆಯ ವಿದ್ಯಾರ್ಥಿಗಳೂ ಊರಿನ ಕುಟುಂಬಗಳೂ ಇರುತ್ತವೆ. ಅಲ್ಲಿಯ ಕಾಲೇಜು ಕ್ರೀಡೆಯಲ್ಲಿ ಹಣದ ಆರ್ಭಟ ಕಡಿಮೆಯೇನಲ್ಲ, ಅದನ್ನು ಆದರ್ಶವೆಂದು ನಾವು ಮುಂದಿಡುತ್ತಿಲ್ಲ. ದೊಡ್ಡ ತಂಡ ಪಕ್ಕದಲ್ಲಿದ್ದ ಮಾತ್ರಕ್ಕೆ ಚಿಕ್ಕ ತಂಡದ ಅಂಗಳ ಬರಿದಾಗಲೇಬೇಕೆಂಬ ನಿಯಮವಿಲ್ಲ ಎಂಬಷ್ಟೇ ನಮ್ಮ ಮಾತು.

ಹಾಗಾದರೆ ನಮ್ಮಲ್ಲಿ ಕೊರತೆ ಎಲ್ಲಿದೆ? ನಾವು ಯಾವುದನ್ನು ನೋಡಲು ಹೋಗುತ್ತೇವೆ ಎಂಬುದರಲ್ಲಿ ಅದು ಅಡಗಿದೆ ಎಂದು ನಮಗೆ ತೋರುತ್ತದೆ. 2025ರ ಜನವರಿ 30ರಂದು ದೆಹಲಿಯಲ್ಲಿ, ಹನ್ನೆರಡು ವರ್ಷಗಳ ಅನಂತರ ರಣಜಿ ಪಂದ್ಯವೊಂದಕ್ಕೆ ಇಳಿದ ವಿರಾಟ್ ಕೊಹ್ಲಿಯನ್ನು ನೋಡಲು ಸಾವಿರ ಸಾವಿರ ಜನ ಮುಗಿಬಿದ್ದರು. ಮರುದಿನ ಅವರು ಕೇವಲ 6 ರನ್ನಿಗೆ ಬೌಲ್ಡ್ ಆದರು. ಒಡನೆಯೇ ಜನ ಎದ್ದು ಹೊರಟರು! ಪಂದ್ಯ ಇನ್ನೂ ನಡೆದಿತ್ತು. ಕೊಹ್ಲಿಯ ವಿಕೆಟ್ ಕಿತ್ತ ಹಿಮಾಂಶು ಸಾಂಗ್ವಾನ್ ಎಂಬ ರೈಲ್ವೆ ಬೌಲರನು ತನ್ನ ಬಾಳಿನ ಬಹು ದೊಡ್ಡ ಸಾಧನೆಯನ್ನು ಮಾಡಿ ನಿಂತಿದ್ದನು. ಜನ ಬಂದುದು ಆಟಕ್ಕಲ್ಲ, ಒಂದು ಮುಖಕ್ಕೆ.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ಗೆಳೆಯ ಅಲಿಪಿಯಸ್‌ನ ಕಥೆಯನ್ನು ಹೇಳುತ್ತಾರೆ. ರೋಮಿನ ಮಲ್ಲರ ಕಾಳಗವನ್ನು ಹೇಸುತ್ತಿದ್ದ ಅವನನ್ನು ಗೆಳೆಯರು ಬಲವಂತದಿಂದ ರಂಗಕ್ಕೆ ಎಳೆದೊಯ್ದರಂತೆ. ಅವನು ಕಣ್ಣು ಮುಚ್ಚಿ ಕುಳಿತನು. ಕಿವಿಯನ್ನು ಮುಚ್ಚುವುದು ಮರೆಯಿತು. ಜನಸ್ತೋಮದ ಕೂಗು ಕೇಳಿ ಕಣ್ಣು ತೆರೆದನು. ತೆರೆದವನು ಆ ಗುಂಪಿನ ಅಮಲಿನಲ್ಲಿ ಕರಗಿಹೋದನು. ನಮ್ಮ ಕ್ರಿಕೆಟ್ಟು ರಕ್ತದ ಕಾಳಗವಲ್ಲ, ನಿಜ. ಆದರೆ ನೋಡುವುದಕ್ಕೂ ಗುಂಪಿನಲ್ಲಿ ಕರಗುವುದಕ್ಕೂ ಇರುವ ಅಂತರವನ್ನು ಅಗಸ್ಟೀನರು ಗುರುತಿಸಿದಷ್ಟು ಸೂಕ್ಷ್ಮವಾಗಿ ಗುರುತಿಸಿದವರು ವಿರಳ. ಅದೇ ಹೊತ್ತಿಗೆ, ಆಟವೇ ಬೇಡವೆನ್ನುವ ಬಿಗುಮಾನವೂ ನಮ್ಮದಲ್ಲ. ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಆತ್ಮಕ್ಕೂ ಆಟ ವಿನೋದಗಳ ವಿಶ್ರಾಂತಿ ಬೇಕೆಂದೂ, ಅತಿಯಾದ ಆಟದಂತೆ ಆಟವನ್ನೇ ಅರಿಯದ ಒರಟುತನವೂ ದೋಷವೇ ಎಂದೂ ಸಂತ ಥಾಮಸ್ ಅಕ್ವಿನಾಸರು ಏಳು ಶತಮಾನಗಳ ಹಿಂದೆಯೇ ವಾದಿಸಿದ್ದಾರೆ.

ಇನ್ನು "ನಮ್ಮ ತಂಡ" ಎಂಬ ಮಾತು. ಆ ಜೂನ್ 3ರಂದು ಬೆಂಗಳೂರಿನ ಪರವಾಗಿ ಕಣಕ್ಕಿಳಿದವರಲ್ಲಿ ಕರ್ನಾಟಕದವನು ಮಯಾಂಕ್ ಅಗರವಾಲ್ ಒಬ್ಬನೇ. ಎದುರಾಳಿ ಪಂಜಾಬಿನಲ್ಲಿಯೂ ನಮ್ಮವನೊಬ್ಬನಿದ್ದನು, ವೈಶಾಖ್ ವಿಜಯಕುಮಾರ್. ಲೆಕ್ಕಕ್ಕೆ ಲೆಕ್ಕ ಸರಿಹೋಯಿತು! ಹರಾಜಿನಲ್ಲಿ ಕೊಂಡ ತಂಡವನ್ನು ಪ್ರೀತಿಸಬಾರದೆಂದು ನಾವು ಹೇಳುತ್ತಿಲ್ಲ. ಆ ಹಣದಿಂದ ಎಷ್ಟೋ ಬಡಮನೆಯ ಹುಡುಗರ ಬಾಳು ಹಸನಾಗಿದೆ. ಪ್ರೊ ಕಬಡ್ಡಿ 2014ರಲ್ಲಿ ಬಂದ ಮೇಲೆ ಹಳ್ಳಿಯ ಕಬಡ್ಡಿ ಆಟಗಾರನಿಗೂ ಹೆಸರು, ಸಂಪಾದನೆ ದೊರೆತವು. ಆದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಲೋಕಪ್ರಸಿದ್ಧ. ಬಣ್ಣಕ್ಕೆಂದು ಅದನ್ನು ಕೊಳ್ಳುವ ಗೃಹಿಣಿಯು ಖಾರಕ್ಕೆ ಬೇರೆ ಮೆಣಸಿನಕಾಯಿಯನ್ನೂ ಬೆರೆಸುತ್ತಾಳೆ. ಬಣ್ಣವೊಂದರಿಂದಲೇ ಸಾರು ಆಗದೆಂದು ಅವಳಿಗೆ ಗೊತ್ತು.

ದೊಡ್ಡ ತಂಡಕ್ಕೆ ನಾವು ಬಂದರೂ ಬಾರದಿದ್ದರೂ ಏನೂ ಆಗದು. ಮೂವತ್ತೈದು ಸಾವಿರದಲ್ಲಿ ಒಬ್ಬ ಕಡಿಮೆಯಾದರೆ ಆ ಜಾಗಕ್ಕೆ ಹತ್ತು ಮಂದಿ ಕಾದಿರುತ್ತಾರೆ. ಕಾಲೇಜಿನ ಹುಡುಗಿಯೊಬ್ಬಳು ಕಬಡ್ಡಿಯಲ್ಲಿಯೋ ಖೋಖೋದಲ್ಲಿಯೋ ಓಡುವಾಗ ಅವಳ ತಂದೆ ಅಂಚಿನಲ್ಲಿ ನಿಂತಿದ್ದಾನೆಯೇ ಇಲ್ಲವೇ ಎಂಬುದು ಮಾತ್ರ ಅವಳ ಇಡೀ ಆಟವನ್ನು ಬದಲಿಸಬಲ್ಲದು. ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದವೆಂದು ಕೇಳದ ಪಾಲಕರು ನಮ್ಮ ಕುಟುಂಬಗಳಲ್ಲಿ ಇಲ್ಲ. ಪಂದ್ಯ ಏನಾಯಿತೆಂದು ಕೇಳುವವರು ಎಷ್ಟಿದ್ದಾರೆ? ಮಗಳು ಆಡುವುದನ್ನು ಮದುವೆಯಾಗುವವರೆಗಿನ ಹುಡುಗಾಟವೆಂದು ತಳ್ಳಿಹಾಕುವ ತಾಯಂದಿರೂ ಇದ್ದಾರೆ. ನೋಡುವವರಿಲ್ಲದ ಆಟವನ್ನು ಮಕ್ಕಳು ಒಂದು ವರ್ಷ ಆಡುತ್ತಾರೆ, ಎರಡು ವರ್ಷ ಆಡುತ್ತಾರೆ. ಮೂರನೆಯ ವರ್ಷ ಬೂಟನ್ನು ತಮ್ಮನಿಗೆ ಕೊಟ್ಟು ಸಂಜೆಯೆಲ್ಲ ಮೊಬೈಲಿನಲ್ಲಿ ಬೇರೆಯವರ ಆಟವನ್ನು ನೋಡುತ್ತ ಕುಳಿತುಬಿಡುತ್ತಾರೆ.

ನಮ್ಮ ಸೀಮೆಯಿಂದ ಯಾರೂ ಮೇಲೇರಲಾರರೆಂಬ ಮಾತೂ ನಿಲ್ಲದು. ಗದಗಿನ ಸುನೀಲ್ ಜೋಶಿ ಬಾಲಕನಾಗಿದ್ದಾಗ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದವರು. ಕರ್ನಾಟಕವು ರಣಜಿ ಗೆದ್ದ 1995-96ರ ಸಾಲಿನಲ್ಲಿ ಅವರು 500ಕ್ಕೂ ಹೆಚ್ಚು ರನ್ ಗಳಿಸಿ, 50ಕ್ಕೂ ಹೆಚ್ಚು ವಿಕೆಟ್ ಕಿತ್ತರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಆ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ 2024ರ ಜನವರಿ 5ರಿಂದ ಕರ್ನಾಟಕ ಮತ್ತು ಪಂಜಾಬ್ ತಂಡಗಳ ರಣಜಿ ಪಂದ್ಯ ನಡೆಯಿತು. ದೇವದತ್ತ ಪಡಿಕ್ಕಲ್ 193 ರನ್ ಹೊಡೆದರು, ಕೊಡಗಿನ ವಿದ್ವತ್ ಕಾವೇರಪ್ಪ ಮೊದಲ ಸರದಿಯಲ್ಲಿ 7 ವಿಕೆಟ್ ಕಿತ್ತರು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಹುಬ್ಬಳ್ಳಿಯ ರೈಲುದಾರಿಯ ಮೇಲಿವೆ. ಆ ಶನಿವಾರ, ಭಾನುವಾರ ನಮ್ಮಲ್ಲಿ ಎಷ್ಟು ಮಂದಿ ರೈಲು ಹತ್ತಿದರು?

ಕಾಲೇಜುಗಳ ಆಡಳಿತ ವರ್ಗಕ್ಕೂ ಒಂದು ಮಾತು. ಅಂತರ ಕಾಲೇಜು ಪಂದ್ಯಗಳನ್ನು ವಾರದ ನಡುವೆ, ಬಿಸಿಲೇರಿದ ಹೊತ್ತಿನಲ್ಲಿ ನಡೆಸಿ, ಜನ ಬರುವುದಿಲ್ಲವೆಂದು ಕೊರಗುವುದು ಸರಿಯಲ್ಲ. ಹೊಲಕ್ಕೆ ಹೋಗುವವನು, ಅಂಗಡಿ ತೆರೆಯುವವನು, ಆಸ್ಪತ್ರೆಯಲ್ಲಿ ದುಡಿಯುವ ದಾದಿ ಹನ್ನೊಂದು ಗಂಟೆಗೆ ಹೇಗೆ ಬಂದಾರು? ಕೊನೆಯ ಸುತ್ತಿನ ಪಂದ್ಯಗಳನ್ನಾದರೂ ಶನಿವಾರ ಸಂಜೆಗೆ ಇಡಬಹುದು. ಊರಿನವರಿಗೆ ತಿಳಿಯುವಂತೆ ಬಸ್ ನಿಲ್ದಾಣದಲ್ಲಿ, ಚರ್ಚಿನ ಬಾಗಿಲಲ್ಲಿ ಒಂದು ಫಲಕ ಹಾಕಬಹುದು. ನೆರಳಿಗೊಂದು ಶಾಮಿಯಾನ, ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಕೂರಲು ಬೆಂಚು. ಇದಕ್ಕೆ ಕೋಟಿಗಳ ಹರಾಜು ಬೇಕಿಲ್ಲ.

ನಮ್ಮ ಧರ್ಮಕೇಂದ್ರಗಳ ಯುವಜನ ಸಂಘಗಳಿಗೆ ನಮ್ಮ ಕೋರಿಕೆ ಇಷ್ಟೇ. ಈ ಶೈಕ್ಷಣಿಕ ವರ್ಷದಲ್ಲಿ ನಮ್ಮ ಕುಟುಂಬಗಳ ಯಾವ ಮಕ್ಕಳು ಯಾವ ಕಾಲೇಜಿನ ಯಾವ ತಂಡದಲ್ಲಿ ಆಡುತ್ತಿದ್ದಾರೆಂದು ಒಂದು ಪಟ್ಟಿ ಮಾಡಿರಿ. ಭಾನುವಾರದ ಪೂಜೆಯ ಬಳಿಕ ಪ್ರಕಟಣೆಗಳನ್ನು ಓದುವಾಗ ಮದುವೆಯ ಕರೆ, ಮರಣದ ಸುದ್ದಿಗಳ ಜೊತೆಗೆ ಆ ವಾರದ ಪಂದ್ಯದ ದಿನ, ಸ್ಥಳ, ವೇಳೆಗಳನ್ನೂ ಓದಲು ನಾವು ಸಿದ್ಧರಿದ್ದೇವೆ. ಪಟ್ಟಿಯಲ್ಲಿ ನಮ್ಮವರಲ್ಲದ ಮಕ್ಕಳ ಹೆಸರು ಸೇರಿದರೂ ಅಡ್ಡಿಯಿಲ್ಲ; ಅವರೂ ಅದೇ ತಂಡದಲ್ಲಿಯೇ ಆಡುವವರು.