ಇಲಿಯ ಯಕೃತ್ತು ಮತ್ತು ಅನರ್ಥದಂಡ

ಇಲಿಗಳನ್ನು ಕೆಲವು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಬರಿಯ ನೀರು, ಇನ್ನೊಂದಕ್ಕೆ ಮಲೇರಿಯಾದ ಔಷಧವಾದ ಕ್ಲೋರೋಕ್ವಿನ್, ಮತ್ತೊಂದಕ್ಕೆ ಟಾರ್ಟ್ರಾಜಿನ್ ಎಂಬ ಹಳದಿ ಬಣ್ಣ ಅಥವಾ ಅಜಿನೊಮೊಟೊ. ಕೆಲವು ವಾರಗಳ ಕಾಲ ನಳಿಕೆಯ ಮೂಲಕ ಅವುಗಳ ಜಠರಕ್ಕೆ ಇವನ್ನು ಸುರಿದು, ಬಳಿಕ ಎಲ್ಲವನ್ನೂ ಕೊಂದು, ಯಕೃತ್ತನ್ನು ಅರೆದು, ಗ್ಲುಟಾಥಯೋನ್ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ನೀರು ಕುಡಿದ ಇಲಿಗಳಿಗೂ ಬಿಡುಗಡೆಯಿಲ್ಲ. ಹೋಲಿಕೆಗೆ ಅವುಗಳ ಯಕೃತ್ತೂ ಬೇಕು. ಆಮ್ಲಜನಕದಿಂದ ಹುಟ್ಟುವ ಉಗ್ರ ಕಣಗಳು ಅವನ್ನು ತಣಿಸುವ ದ್ರವ್ಯಗಳನ್ನು ಮೀರಿ ಜೀವಕೋಶಗಳನ್ನು ಘಾಸಿಗೊಳಿಸುವ ಈ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂದು ಹೆಸರು. ಒತ್ತಡ ಹೆಚ್ಚಿತೆಂಬ ಇದೇ ತೀರ್ಮಾನದ ಪ್ರಬಂಧಗಳು ಒಂದರ ಹಿಂದೆ ಒಂದು ಅಚ್ಚಾಗುತ್ತಲೇ ಇವೆ.

ಮಲೇರಿಯಾ ಸಣ್ಣ ರೋಗವಲ್ಲ, ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಅದಕ್ಕೆ ಬಲಿಯಾದವರು ಸುಮಾರು 5,97,000 ಜನ, ಬಹುಪಾಲು ಆಫ್ರಿಕದ ಮಕ್ಕಳು. ಚೀನಾದ ತು ಯೂಯೂ ಅವರ ತಂಡ 1971ರಲ್ಲಿ ಆರ್ಟಿಮಿಸಿನಿನ್‌ನ ಗುಣವನ್ನು ಕಂಡುಕೊಂಡಾಗಲೂ ಪ್ರಾಣಿಪ್ರಯೋಗ ನಡೆದಿತ್ತು. ಮರುವರ್ಷ ಅವರು ಆ ಸಾರವನ್ನು ತಾವೇ ಸೇವಿಸಿ ಪರೀಕ್ಷಿಸಿದರು. ಅದೂ ಸಂಕಲ್ಪೀ ಹಿಂಸೆಯೇ ಎಂಬುದರಲ್ಲಿ ಶಾಸ್ತ್ರಕ್ಕೆ ಸಂದೇಹವಿಲ್ಲ. ಆದರೆ ಅಲ್ಲಿ ಒಂದು ಅರ್ಥವಾದರೂ ಇತ್ತು. 1940ರ ದಶಕದಿಂದ ಬಳಕೆಯಲ್ಲಿರುವ ಕ್ಲೋರೋಕ್ವಿನ್ ಇಲಿಯ ಯಕೃತ್ತನ್ನು ಬಾಧಿಸುತ್ತದೆಂದು ಮತ್ತೊಮ್ಮೆ ತೋರಿಸುವುದರಲ್ಲಿ ಯಾವ ಅರ್ಥವಿದೆ? ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯನ್ನು ಸೇರಿಸಿದ್ದು ಇಂತಹ ನಿಷ್ಪ್ರಯೋಜಕ ಹಿಂಸೆಯನ್ನು ತಡೆಯುವುದಕ್ಕಾಗಿಯೇ.

ಅಷ್ಟಕ್ಕೂ ಈ ವಿಷಯದಲ್ಲಿ ಇಲಿ ಮನುಷ್ಯನಿಗೆ ಸರಿಯಾದ ಪ್ರತಿನಿಧಿಯೇ ಅಲ್ಲ. ಇಲಿ ತನ್ನ ಯಕೃತ್ತಿನಲ್ಲಿ ತಾನೇ ಸಿ ಜೀವಸತ್ತ್ವವನ್ನು ತಯಾರಿಸಿಕೊಳ್ಳುತ್ತದೆ. ಮನುಷ್ಯ ಅದನ್ನು ಆಹಾರದಿಂದಲೇ ಪಡೆಯಬೇಕು. ಮನುಷ್ಯನ ರಕ್ತದಲ್ಲಿ ಉಳಿಯುವ ಯೂರಿಕ್ ಆಮ್ಲವನ್ನು ಇಲಿಯ ದೇಹ ಒಡೆದುಹಾಕುತ್ತದೆ. ಇವೆರಡೂ ಉಗ್ರ ಕಣಗಳನ್ನು ತಣಿಸುವ ದ್ರವ್ಯಗಳು. ಅಂದಮೇಲೆ, ಎಲ್ಲಿ ಭೇದ ದೊಡ್ಡದೋ ಅಲ್ಲಿಯೇ ಸಾಮ್ಯವನ್ನು ಹುಡುಕಿದಂತಾಯಿತು. ಪ್ರಿಮಾಕ್ವಿನ್ ಕೆಲವರ ಕೆಂಪು ರಕ್ತಕಣಗಳನ್ನು ಒಡೆಯುವುದಕ್ಕೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯೇ ಕಾರಣವೆಂದು 1956ರಲ್ಲಿ ತಿಳಿದದ್ದು ಮನುಷ್ಯರ ರಕ್ತದಿಂದ. (ಆ ಸಂಶೋಧನೆ ಅಮೆರಿಕದ ಸೆರೆಮನೆಯ ಕೈದಿಗಳನ್ನು ಬಳಸಿಕೊಂಡಿತು, ಅದರ ಕಳಂಕ ಬೇರೆಯೇ ಉಂಟು.) ಚಿಕಿತ್ಸೆಗೆಂದು ಬಂದ ರೋಗಿಯ ಒಪ್ಪಿಗೆ ಪಡೆದು ತೆಗೆದ ತುಸು ರಕ್ತದಲ್ಲಿಯೂ ಗ್ಲುಟಾಥಯೋನನ್ನು ಅಳೆಯಬಹುದು.

ಬಣ್ಣದ ಮಾತಂತೂ ಇನ್ನೂ ಹಗುರ. ಔಷಧವಿಲ್ಲದೆ ರೋಗಿ ಸಾಯಬಹುದು. ಹಳದಿ ಬಣ್ಣವಿಲ್ಲದೆ ಯಾರೂ ಸತ್ತಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಕಾಟನ್ ಕ್ಯಾಂಡಿಯಲ್ಲಿ ರೋಡಮಿನ್-ಬಿಯನ್ನೂ ನಿಷೇಧಿಸಿದ್ದು ಅಂಗಡಿಗಳಿಂದ ತಂದ ತಿನಿಸನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಆ ಬಣ್ಣಗಳ ದೋಷ ಹಿಂದೆ ಪ್ರಾಣಿಗಳಿಂದಲೇ ತಿಳಿಯಿತಲ್ಲವೇ ಎಂದು ಕೇಳುವವರುಂಟು. ಹಾಗಿದ್ದರೆ ತಿಳಿದದ್ದನ್ನೇ ತಿಳಿಯಲು ಇಂದು ಮತ್ತೆ ಕೊಲ್ಲುವುದೇಕೆ? ಬಣ್ಣವನ್ನು ಬೇಡುವ ಗಿರಾಕಿಯೂ ಇಲ್ಲಿ ನಿರ್ದೋಷಿಯಲ್ಲ. ಕೃತ, ಕಾರಿತ, ಅನುಮೋದನ ಎಂದು ಮೂರನ್ನೂ ಎಣಿಸುವ ಧರ್ಮದಲ್ಲಿ ಅವನ ಪಾಲು ಮೂರನೆಯದು.

ಪ್ರಾಣಿಹಿಂಸೆ ತಡೆಯ 1960ರ ಕಾಯಿದೆಯಲ್ಲಿ ಒಂದು ವಿಚಿತ್ರವಿದೆ. ಗಿನಿಪಿಗ್, ಮೊಲ, ಕಪ್ಪೆ, ಇಲಿಗಳಿಂದ ಅದೇ ಫಲ ದೊರೆಯುವುದಾದರೆ ದೊಡ್ಡ ಪ್ರಾಣಿಗಳನ್ನು ಬಿಡಬೇಕೆಂದು ಅದರ 17ನೆಯ ವಿಧಿ ಹೇಳುತ್ತದೆ. ದಯೆಯನ್ನು ದೇಹದ ಗಾತ್ರದಿಂದ ಅಳೆದ ಕಾನೂನು ಇದು. ಗೋವಿನಂತೆ ಇಲಿಯೂ ಪಂಚೇಂದ್ರಿಯ ಜೀವಿ. ಪಿಂಜರಾಪೋಲಿಗೆ ಉದಾರವಾಗಿ ದಾನ ಕೊಡುವ ಸಮಾಜ ಪ್ರಯೋಗಶಾಲೆಯ ಪಂಜರವನ್ನು ಕಂಡೂ ಕಾಣದಂತಿರುವುದು ಸಲ್ಲದು.

ಕಾಲೇಜುಗಳನ್ನು ನಡೆಸುವ, ಸಂಶೋಧನೆಗೆ ಧನಸಹಾಯ ನೀಡುವ ಟ್ರಸ್ಟುಗಳ ಕೈಯಲ್ಲಿ ಅಧಿಕಾರವಿದೆ. ಈ ಪ್ರಯೋಗ ಹಿಂದೆ ನಡೆದಿದೆಯೇ, ಜೀವಕೋಶಗಳಲ್ಲಿಯೇ ಇದನ್ನು ಮಾಡಲಾಗದೇ ಎಂದು ಕೇಳಿ, ಸಮರ್ಪಕ ಉತ್ತರ ಬಾರದಿದ್ದರೆ ಹಣವನ್ನು ತಡೆಹಿಡಿಯಬೇಕು. ಹೊಸ ಔಷಧಗಳ ಪರೀಕ್ಷೆಗೆ ಪ್ರಾಣಿರಹಿತ ವಿಧಾನಗಳನ್ನೂ ಭಾರತದ ನಿಯಮಗಳು 2023ರಿಂದ ಮಾನ್ಯಮಾಡಿವೆ. ಆದುದರಿಂದ ಬೇರೆ ದಾರಿಯಿಲ್ಲವೆಂಬ ಹಳೆಯ ನೆಪ ಈಗ ನಡೆಯದು. ಇನ್ನು ಪಂಚಕಲ್ಯಾಣದ ಭೋಜನಶಾಲೆಯಲ್ಲಿ ಬೂಂದಿಗೂ ಜಿಲೇಬಿಗೂ ಬಣ್ಣ ಬೇಡವೆಂದು ಅಡುಗೆಯವರಿಗೆ ಹೇಳಲು ಯಾವ ಸರಕಾರಿ ಸಮಿತಿಯ ಅನುಮತಿಯೂ ಬೇಕಿಲ್ಲ.