ತುಂಗಭದ್ರೆಯ ನೀರೂ ನಾಡಿನ ಒಕ್ಕಟ್ಟೂ

ಹೊಳೆಯೊಂದು, ಹೊಸಪೇಟೆಯ ಬಳಿ ಅದರ ಎರಡು ದಂಡೆಗಳಲ್ಲಿಯೂ ಕೇಳಿಬರುವ ನುಡಿಯೊಂದು, ಆದರೆ 1945ರಲ್ಲಿ ಆ ದಂಡೆಗಳನ್ನು ಆಳುತ್ತಿದ್ದ ಸರಕಾರಗಳು ಎರಡು. ಆ ವರ್ಷದ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎಡದಂಡೆಯಲ್ಲಿ ಹೈದರಾಬಾದು ಸಂಸ್ಥಾನದ ಪರವಾಗಿ ಬೇರಾರಿನ ರಾಜಕುಮಾರರೂ, ಬಲದಂಡೆಯಲ್ಲಿ ಮದರಾಸಿನ ಗವರ್ನರರಾದ ಸರ್ ಆರ್ಥರ್ ಹೋಪರೂ ಪ್ರತ್ಯೇಕವಾಗಿ ಅಸ್ತಿಭಾರದ ಕಲ್ಲನ್ನಿಟ್ಟರು. ಕನ್ನಡನಾಡು ಅಂದು ಹೇಗೆ ಹರಿದು ಹಂಚಿಹೋಗಿತ್ತೆಂಬುದಕ್ಕೆ ಈ ಎರಡು ಕಲ್ಲುಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಿಜಯನಗರದ ಅರಸರು ಈ ಹೊಳೆಗೆ ಅಣೆಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆಸಿದರು. ಅವರ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ದೊಡ್ಡ ಜಲಾಶಯದ ವಿಚಾರವನ್ನು ಸರ್ ಆರ್ಥರ್ ಕಾಟನ್ನರು 1860ರಲ್ಲಿಯೇ ಎತ್ತಿದ್ದರು. ಅನಂತರ 1876ರಿಂದ 1878ರವರೆಗಿನ ಘೋರ ಕ್ಷಾಮವು ಬಳ್ಳಾರಿ ಸೀಮೆಯನ್ನು ನುಂಗಿತು. ಹಾಗಿದ್ದರೂ ನೀರಿನ ಪಾಲಿನ ವಿಷಯದಲ್ಲಿ ಮದರಾಸು ಮತ್ತು ಹೈದರಾಬಾದು ಸರಕಾರಗಳು ಒಡಂಬಡಿಕೆಗೆ ಬಂದುದು 1944ರಲ್ಲಿ. ಹೊಳೆ ಹರಿಯುತ್ತಲೇ ಇತ್ತು. ಹೊಲಗಳು ಒಣಗುತ್ತಲೇ ಇದ್ದವು. ನಡುವೆ ಎಂಟು ದಶಕಗಳು ಕಳೆದುಹೋದವು.

1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರನ್ನು ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಈ ಯೋಜನೆಯನ್ನೂ ಒಂದು ಕಾರಣವಾಗಿ ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಆ ಸಲಹೆ ನಿಲ್ಲಲಿಲ್ಲ. 1956ರ ನವೆಂಬರ 1ರಂದು ರಾಯಚೂರು ಸೀಮೆಯೂ ಬಂದು ಕೂಡಿತು. ಎರಡು ದಂಡೆಗಳು ಒಂದು ನಾಡಾದವು.

ಆದರೆ ನೆಲ ಒಂದಾದೊಡನೆ ನೀರಿನಲ್ಲಿಯೂ ನ್ಯಾಯವು ನೆಲೆಗೊಂಡಿತೆ? ಕ್ಷಾಮವನ್ನು ತಡೆಯುವುದೇ ಈ ಯೋಜನೆಯ ಮೂಲ ಉದ್ದೇಶ. ಆದುದರಿಂದಲೇ ಬಹುಭಾಗದ ನೆಲವನ್ನು ಜೋಳ, ಹತ್ತಿಗಳಂತಹ ಅರೆ ಖುಷ್ಕಿ ಬೆಳೆಗಳಿಗೆ ಗೊತ್ತುಪಡಿಸಲಾಗಿತ್ತು. ಇಂದು ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಬತ್ತದ ಗದ್ದೆಗಳು ತುಂಬಿವೆ. ಮಾನವಿ, ರಾಯಚೂರುಗಳ ಕೊನೆಭಾಗದ ರೈತನು ಬರಿದಾದ ಕಾಲುವೆಯನ್ನು ನೋಡುತ್ತ ನಿಲ್ಲುವಂತಾಗಿದೆ. ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ.ಯಷ್ಟೇ ನಿಲ್ಲುತ್ತದೆ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರ ಎದೆ ನಡುಗಿತು.

ಈ ಜಲಾಶಯಕ್ಕಾಗಿ ಸುಮಾರು 90 ಹಳ್ಳಿಗಳು ಮನೆ, ಗುಡಿ, ಹೊಲಗಳೊಡನೆ ಮುಳುಗಿದವು. ಅವರ ತ್ಯಾಗವು ಮೇಲ್ಭಾಗದವರಿಗೆ ಮಾತ್ರ ಸಲ್ಲಬೇಕಾದುದಲ್ಲ. ಗೊತ್ತಾದ ಬೆಳೆಯನ್ನೇ ಬೆಳೆಯುವಂತೆ ಸರಕಾರವು ನಿಯಮವನ್ನು ಬಿಗಿಯಾಗಿ ನಡೆಸಲಿ. ಹಾಗೆ ಬೆಳೆದವನಿಗೆ ತಕ್ಕ ಬೆಲೆಯೂ ದೊರೆಯಲಿ. ಗೇಟುಗಳ ಪರೀಕ್ಷೆಯು ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆಯೇ ಮುಗಿಯಲಿ. ಊರೂರಿನ ಉಪಾಧ್ಯಾಯರೂ ವಿದ್ಯಾವಂತರೂ ಈ ಮಾತನ್ನು ರೈತರ ಸಭೆಗಳಲ್ಲಿ ಎತ್ತಿ ಆಡಬೇಕೆಂದು ನಾವು ಬೇಡುತ್ತೇವೆ. ಕಾಲುವೆಯ ತಲೆಯಲ್ಲಿರುವವನು ಕೊನೆಯಲ್ಲಿರುವವನನ್ನು ತನ್ನ ಒಡಹುಟ್ಟಿದವನೆಂದು ಬಗೆಯದಿದ್ದರೆ, ನಮ್ಮ ಏಕೀಕರಣವು ನಕಾಶೆಯಲ್ಲಿ ಮಾತ್ರ ಉಳಿದೀತು.